ಸರಾಸರಿ ನಂಬಿ ಬೆಟ್ಟ ಹತ್ತಬಹುದೇ? ದತ್ತಸಂಚಯದಲ್ಲಿ ಒಟ್ಟುಗೂಡಿಸುವ ಫಂಕ್ಷನ್‌ಗಳು

ಮೆಟ್ಟುಪಾಳ್ಯಂನಿಂದ ಊಟಿಗೆ ಹತ್ತುವ ರೈಲು ನಿಮಗೆ ಗೊತ್ತೇ ಇದೆ. 1899ರಲ್ಲಿ ಕೂನೂರಿನವರೆಗೆ, 1908ರಲ್ಲಿ ಊಟಿಯವರೆಗೆ ಹೋದ ಈ ಹಳಿ 2005ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಒಟ್ಟು ದಾರಿ 46 ಕಿ.ಮೀ. ಈ ರೈಲನ್ನೇ ಉದಾಹರಣೆಗೆ ಇಟ್ಟುಕೊಂಡು ಕಂಪ್ಯೂಟರ್ ಪಾಠದ ಒಂದು ಸಂಗತಿ ನೋಡೋಣ ಬನ್ನಿ.

ದತ್ತಸಂಚಯ ಅಂದರೆ ಸಾಲು, ಕಾಲಂಗಳ ಕೋಷ್ಟಕಗಳ ಗುಂಪು. ಹೀಗೆ ಕೋಷ್ಟಕಗಳಲ್ಲಿ ಮಾಹಿತಿ ಇಡುವ ಮಾದರಿಯನ್ನು ಐಬಿಎಂನ ಎಡ್ಗರ್ ಕಾಡ್ 1970ರಲ್ಲಿ ಮುಂದಿಟ್ಟರು. ಅದರಿಂದ ಉತ್ತರ ಕೇಳಲು ಬೇಕಾದ ಭಾಷೆಯನ್ನು 1974ರಲ್ಲಿ ಚೇಂಬರ್ಲಿನ್ ಮತ್ತು ಬಾಯ್ಸ್ ಪ್ರಕಟಿಸಿದರು. ಅದೇ ಇವತ್ತಿನ ಎಸ್‌ಕ್ಯೂಎಲ್. ಅದರಲ್ಲಿ ಅನೇಕ ಸಾಲುಗಳನ್ನು ತೆಗೆದುಕೊಂಡು ಒಂದೇ ಉತ್ತರ ಕೊಡುವ ಐದು ಮುಖ್ಯ ಫಂಕ್ಷನ್‌ಗಳಿವೆ: ಎಣಿಸುವ ಕೌಂಟ್, ಕೂಡುವ ಸಮ್, ಸರಾಸರಿ ತೆಗೆಯುವ ಆವರೇಜ್, ಅತಿ ಚಿಕ್ಕದನ್ನು ಹೇಳುವ ಮಿನ್, ಅತಿ ದೊಡ್ಡದನ್ನು ಹೇಳುವ ಮ್ಯಾಕ್ಸ್.

ಈಗ ನಮ್ಮ ಕೋಷ್ಟಕ. ಲೆಕ್ಕ ಸುಲಭವಾಗಲಿ ಅಂತ ಸಂಖ್ಯೆಗಳನ್ನು ದುಂಡು ಮಾಡಿದ್ದೇನೆ.

ಮೆಟ್ಟುಪಾಳ್ಯಂ–ಕಲ್ಲಾರ್: ಉದ್ದ 8 ಕಿ.ಮೀ., ಏರು 70 ಮೀ.
ಕಲ್ಲಾರ್–ಕೂನೂರು: ಉದ್ದ 20 ಕಿ.ಮೀ., ಏರು 1310 ಮೀ.
ಕೂನೂರು–ಊಟಿ: ಉದ್ದ 18 ಕಿ.ಮೀ., ಏರು 490 ಮೀ.

ಏರಿನ ಸಮ್ 1870 ಮೀಟರ್, ಉದ್ದದ ಸಮ್ 46 ಕಿ.ಮೀ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಇಡೀ ದಾರಿಯ ಸರಾಸರಿ ಏರು ಶೇ. 4.1. ಇದನ್ನಷ್ಟೇ ನೋಡಿದವರಿಗೆ ಬೆಟ್ಟ ಅಷ್ಟೇನೂ ಕಡಿದಾಗಿಲ್ಲ ಅನ್ನಿಸಬಹುದು. ಪ್ರತಿ ಭಾಗದ ಏರನ್ನು ಬೇರೆ ಬೇರೆ ತೆಗೆದು ನೋಡಿ: ಶೇ. 0.9, ಶೇ. 6.6, ಶೇ. 2.7. ಕಷ್ಟ ಎಲ್ಲಿದೆ ಅಂತ ಈಗ ಕಾಣ್ತಲ್ವಾ? ಕಲ್ಲಾರ್–ಕೂನೂರು ನಡುವೆ ಮಾತ್ರ ಹಳಿಗಳ ಮಧ್ಯೆ ಹಲ್ಲುಪಟ್ಟಿ ಹಾಕಿದ್ದಾರೆ. ಇಂಜಿನ್ನಿನ ಹಲ್ಲುಚಕ್ರ ಅದನ್ನು ಹಿಡಿದು ಹತ್ತುತ್ತದೆ.

ಹೀಗೆ ಭಾಗ ಭಾಗವಾಗಿ ಉತ್ತರ ಕೇಳುವುದಕ್ಕೆ ಎಸ್‌ಕ್ಯೂಎಲ್‌ನಲ್ಲಿ ಗ್ರೂಪ್ ಬೈ ಅಂತಾರೆ. ಶೇ. 5ಕ್ಕಿಂತ ಹೆಚ್ಚು ಏರಿರುವ ಗುಂಪು ಮಾತ್ರ ಸಾಕು ಅಂದರೆ ಹ್ಯಾವಿಂಗ್ ಸೇರಿಸಬೇಕು. ಇಲ್ಲಿ ಮಕ್ಕಳು ವೇರ್ ಮತ್ತು ಹ್ಯಾವಿಂಗ್ ನಡುವೆ ಗೊಂದಲ ಮಾಡ್ಕೊಳ್ತಾರೆ. ಗುಂಪು ಮಾಡುವ ಮೊದಲು ಸಾಲುಗಳನ್ನು ಸೋಸುವುದು ವೇರ್. ಗುಂಪು ಮಾಡಿದ ಮೇಲೆ ಗುಂಪುಗಳನ್ನೇ ಸೋಸುವುದು ಹ್ಯಾವಿಂಗ್.

ಇನ್ನೊಂದು ಎಚ್ಚರಿಕೆ. ಮೂರು ಶೇಕಡಾಗಳಿಗೆ ನೇರವಾಗಿ ಆವರೇಜ್ ಹಾಕಿದರೆ 3.4 ಬರುತ್ತದೆ, 4.1 ಅಲ್ಲ. ಯಾಕೆಂದರೆ 8 ಕಿ.ಮೀ. ಭಾಗಕ್ಕೂ 20 ಕಿ.ಮೀ. ಭಾಗಕ್ಕೂ ಅದು ಒಂದೇ ತೂಕ ಕೊಟ್ಟಿತು. ಸರಾಸರಿಗಳ ಸರಾಸರಿ ತೆಗೆಯಬಾರದು ಅನ್ನೋದು ಇದಕ್ಕೇ. ಮ್ಯಾಕ್ಸ್ ಕೇಳಿದರೆ 6.6 ಸಿಗುತ್ತದೆ, ಆದರೆ ನಿಜವಾಗಿ ಅತಿ ಕಡಿದಾದ ಜಾಗದಲ್ಲಿ 12 ಮೀಟರ್ ಮುಂದೆ ಹೋದರೆ 1 ಮೀಟರ್ ಮೇಲಕ್ಕೆ, ಅಂದರೆ ಶೇ. 8.3. ನಾವು ಕೋಷ್ಟಕಕ್ಕೆ ಹಾಕದ ವಿವರವನ್ನು ಯಾವ ಫಂಕ್ಷನ್ನೂ ಹೊರಗೆ ತೆಗೆಯಲಾರದು.

ಈಗ ನಮ್ಮ ಶಾಲೆಗೆ ಬನ್ನಿ. ಒಂದು ಶಾಲೆಯಲ್ಲಿ ಪರೀಕ್ಷೆ ಬರೆದವರು 10, ತೇರ್ಗಡೆ ಶೇ. 90. ಇನ್ನೊಂದರಲ್ಲಿ ಬರೆದವರು 90, ತೇರ್ಗಡೆ ಶೇ. 50 ಅಂದುಕೊಳ್ಳಿ. ಶೇಕಡಾಗಳ ಸರಾಸರಿ 70. ಆದರೆ ತಲೆ ಎಣಿಸಿದರೆ 9 ಮತ್ತು 45, ಒಟ್ಟು ನೂರರಲ್ಲಿ 54 ಮಕ್ಕಳು ಮಾತ್ರ ಪಾಸು. ಉಳಿದ 46 ಮಕ್ಕಳಿಗೆ ಪೂರಕ ತರಗತಿ ಬೇಕು. 70 ಅಂತ ವರದಿ ಹೋದರೆ 30 ಮಕ್ಕಳಿಗಷ್ಟೇ ಏರ್ಪಾಡು ಆಗುತ್ತದೆ.

ಖಾಲಿ ಮನೆಯ ವಿಷಯ ಇನ್ನೂ ಸೂಕ್ಷ್ಮ. ಐದು ಮಕ್ಕಳಲ್ಲಿ ನಾಲ್ವರ ಅಂಕ 60, 70, 80, 50, ಒಬ್ಬಳು ಗೈರುಹಾಜರು. ಅವಳ ಮನೆ ಖಾಲಿ ಬಿಟ್ಟರೆ ಎಸ್‌ಕ್ಯೂಎಲ್ ಅದನ್ನು ನಲ್ ಎಂದು ಹಿಡಿದು, ಲೆಕ್ಕದಿಂದ ಬಿಟ್ಟು, 260ನ್ನು 4ರಿಂದ ಭಾಗಿಸಿ 65 ಕೊಡುತ್ತದೆ. ಅಲ್ಲಿ ಸೊನ್ನೆ ತುಂಬಿದರೆ 5ರಿಂದ ಭಾಗಿಸಿ 52. ಗೈರುಹಾಜರಿ ಬೇರೆ, ಸೊನ್ನೆ ಅಂಕ ಬೇರೆ. ಕೌಂಟ್‌ನಲ್ಲೂ ಹಾಗೇ: ನಕ್ಷತ್ರ ಚಿಹ್ನೆ ಹಾಕಿದರೆ ಎಲ್ಲ ಸಾಲನ್ನೂ ಎಣಿಸಿ 5 ಅನ್ನುತ್ತದೆ; ಅಂಕದ ಕಾಲಂ ಹೆಸರು ಕೊಟ್ಟರೆ ಖಾಲಿ ಬಿಟ್ಟು 4 ಅನ್ನುತ್ತದೆ. ಎರಡರ ವ್ಯತ್ಯಾಸ ನೋಡಿದರೆ ಎಷ್ಟು ಮಾಹಿತಿ ಬಂದಿಲ್ಲ ಅಂತ ತಕ್ಷಣ ತಿಳಿಯುತ್ತದೆ.

ಯುಡೈಸ್ ಪ್ಲಸ್‌ಗೆ ನಾವೆಲ್ಲ ವರ್ಷ ವರ್ಷ ಮಾಹಿತಿ ತುಂಬುತ್ತೇವೆ. ಆ ಸಾಲುಗಳನ್ನು ಬರೀ ಜಿಲ್ಲೆವಾರು ಗುಂಪು ಮಾಡಿದರೆ ತಾಳವಾಡಿ, ಕಾಸರಗೋಡಿನಂಥ ಕಡೆ ಕನ್ನಡ ಮಾಧ್ಯಮದಲ್ಲಿ ಓದುವ ಮಕ್ಕಳು ದೊಡ್ಡ ಸಂಖ್ಯೆಯೊಳಗೆ ಕರಗಿಹೋಗುತ್ತಾರೆ. ಗ್ರೂಪ್ ಬೈ ಪಕ್ಕದಲ್ಲಿ ಮಾಧ್ಯಮದ ಕಾಲಮ್ಮನ್ನೂ ಸೇರಿಸಿದರೆ ಅವರದೇ ಒಂದು ಸಾಲು ಬರುತ್ತದೆ. ಪುಸ್ತಕ ಎಷ್ಟು ಬೇಕು, ಶಿಕ್ಷಕರು ಎಷ್ಟು ಬೇಕು ಅಂತ ಕೇಳಲು ಆ ಸಾಲೇ ಆಧಾರ. ಆದರೆ ಸಣ್ಣ ಗುಂಪಿನ ಸರಾಸರಿಯ ಜೊತೆ ಕೌಂಟ್ ಕೂಡ ಬರೆಯಿರಿ. ಐದೇ ಮಕ್ಕಳಿರುವ ತರಗತಿಯಲ್ಲಿ ಒಬ್ಬ ಫೇಲಾದರೆ ಫಲಿತಾಂಶ ಶೇ. 20 ಇಳಿಯುತ್ತದೆ.

ಒಂಬತ್ತನೇ ತರಗತಿಗೆ ಒಂದು ಚಟುವಟಿಕೆ: ಮಕ್ಕಳು ಒಂದು ವಾರ ತಮ್ಮ ಮನೆಯಿಂದ ಶಾಲೆಗೆ ಬರಲು ಹಿಡಿದ ನಿಮಿಷಗಳನ್ನು ಬರೆದಿಡಲಿ. ಮೊದಲು ಎಲ್ಲರದ್ದೂ ಸೇರಿಸಿ ಸರಾಸರಿ, ಆಮೇಲೆ ಊರುವಾರು ಸರಾಸರಿ, ಮ್ಯಾಕ್ಸ್, ಕೌಂಟ್. ಕಂಪ್ಯೂಟರ್ ಇಲ್ಲದಿದ್ದರೆ ಕಪ್ಪುಹಲಗೆ ಸಾಕು. ಬೆಳಗಿನ ಮೊದಲ ಪಿರಿಯಡ್‌ಗೆ ಯಾವ ಊರಿನ ಮಕ್ಕಳು ಯಾಕೆ ತಡವಾಗಿ ಬರ್ತಾರೆ ಅನ್ನೋದಕ್ಕೂ ಆ ಕೋಷ್ಟಕದಲ್ಲಿ ಉತ್ತರ ಸಿಗಬಹುದು.