ಏಪ್ರಿಲಿನಲ್ಲಿ ಎರೆಹುಳು ಎಲ್ಲಿರುತ್ತದೆ?

2024ರ ಏಪ್ರಿಲ್ ಕೊನೆಯ ವಾರ. ಬಸವನಗುಡಿಯ ನಮ್ಮ ಮನೆಯ ಹಿತ್ತಲಲ್ಲಿ ಒಣಗಿಹೋಗಿದ್ದ ದಾಸವಾಳದ ಗಿಡ ಕೀಳಲು ತೋಟದ ಕೆಲಸಕ್ಕೆ ಬರುವ ತಾತ ಹಾರೆ ಹಾಕಿದರು. ಮೇಲಿನ ಗೇಣುದ್ದ ಮಣ್ಣು ಇಟ್ಟಿಗೆ ಪುಡಿಯ ಹಾಗೆ ಉದುರಿತು. ಮೊಳದಾಳಕ್ಕೆ ಹೋದಾಗ ಹೆಂಟೆಯೊಂದು ಒಡೆದು ಒಳಗೆ ಗೋಲಿ ಗಾತ್ರದ ನುಣುಪು ಗೂಡು ಕಾಣಿಸಿತು. ಅದರೊಳಗೆ ಒಂದು ಎರೆಹುಳು, ಗಂಟುಬಿದ್ದ ಶೂ ಲೇಸಿನ ಹಾಗೆ ತನ್ನನ್ನೇ ಸುತ್ತಿಕೊಂಡು ಬಿದ್ದಿತ್ತು.

ಸತ್ತಿದೆ ಅಂದುಕೊಂಡೆ. ‘ಸತ್ತಿಲ್ಲ ಕಣಮ್ಮ, ಮಲಗೈತೆ. ಮಳೆ ಬಂದ್ರೆ ತಾನೇ ಎದ್ದೇಳ್ತದೆ’ ಎಂದ ತಾತ ಹೆಂಟೆಯನ್ನು ಜೋಡಿಸಿ ಮತ್ತೆ ಗುಂಡಿಯೊಳಗೇ ಇಟ್ಟರು.

ಆ ಬೇಸಿಗೆ ನೆನಪಿದೆಯಲ್ಲ? ಕುಡಿಯುವ ನೀರನ್ನು ಕೈತೋಟಕ್ಕೋ ಕಾರು ತೊಳೆಯುವುದಕ್ಕೋ ಬಳಸಿದರೆ 5,000 ರೂಪಾಯಿ ದಂಡವೆಂದು ಬೆಂಗಳೂರು ಜಲಮಂಡಳಿ ಮಾರ್ಚಿನಲ್ಲೇ ಆದೇಶ ಹೊರಡಿಸಿತ್ತು. ಏಪ್ರಿಲಿನಲ್ಲಿ ಉಷ್ಣಾಂಶ 38 ಡಿಗ್ರಿ ದಾಟಿತು. ಹೇಳಿಕೊಳ್ಳುವಂಥ ಮಳೆ ಬೀಳಲೇ ಇಲ್ಲ. ಚಾಮರಾಜಪೇಟೆಯ ಅಕ್ಕನ ಮನೆಯಲ್ಲಿ ಬೋರ್‌ವೆಲ್ ಕೈಕೊಟ್ಟಿತು, ಮಲ್ಲೇಶ್ವರದ ಗೆಳತಿ ತನ್ನ ಹುಲ್ಲುಹಾಸಿನ ಆಸೆ ಬಿಟ್ಟಳು. ನಾವೆಲ್ಲ ಎಲೆ ನೋಡುತ್ತಿದ್ದೆವು, ಹೂ ನೋಡುತ್ತಿದ್ದೆವು. ಮಣ್ಣೊಳಗೆ ಏನಾಗುತ್ತಿದೆ ಎಂದು ನನಗೆ ಹೊಳೆದದ್ದು ಆ ಗೂಡು ಕಂಡ ಮೇಲೆ.

ಎರೆಹುಳಕ್ಕೆ ಶ್ವಾಸಕೋಶವಿಲ್ಲ. ಅದು ಉಸಿರಾಡುವುದು ಚರ್ಮದಿಂದ. ಗಾಳಿಯ ಆಮ್ಲಜನಕ ಮೊದಲು ಮೈಮೇಲಿನ ತೇವದಲ್ಲಿ ಕರಗಬೇಕು, ಆಮೇಲೆ ಚರ್ಮದ ಕೆಳಗಿನ ರಕ್ತನಾಳ ಸೇರಬೇಕು. ಮೈ ಒಣಗಿತೆಂದರೆ ಸುತ್ತ ಎಷ್ಟೇ ಗಾಳಿಯಿದ್ದರೂ ಉಸಿರು ಕಟ್ಟುತ್ತದೆ. ಅದರ ತೂಕದ ಮುಕ್ಕಾಲು ಪಾಲಿಗೂ ಹೆಚ್ಚು ಬರೀ ನೀರು. ಮುಚ್ಚಿಕೊಳ್ಳಲು ಚಿಪ್ಪಿಲ್ಲ, ಹುರುಪೆಯಿಲ್ಲ. ಇಂಥ ಪ್ರಾಣಿ ಬೆಂಗಳೂರಿನ ಕೆಂಪುಮಣ್ಣಿನಲ್ಲಿ ಬೇಸಿಗೆ ಕಳೆಯುತ್ತದೆ ಎಂಬುದೇ ಸೋಜಿಗ.

ಹೇಗೆಂದರೆ, ಮೇಲ್ಮಣ್ಣು ಒಣಗುತ್ತಾ ಬಂದಂತೆ ಹುಳು ತೇವ ಹುಡುಕಿ ಕೆಳಗಿಳಿಯುತ್ತದೆ. ಅಲ್ಲೂ ತೇವ ಸಾಲದೆ ಹೋದರೆ ಹಲವು ಜಾತಿಯ ಹುಳುಗಳು ತಿನ್ನುವುದನ್ನೇ ನಿಲ್ಲಿಸುತ್ತವೆ. ಕರುಳು ಖಾಲಿ ಮಾಡಿಕೊಂಡು, ಉರುಟಾದ ಗೂಡು ಕೊರೆದು, ಅದರ ಗೋಡೆಗೆ ಮೈಯ ಲೋಳೆ ಬಳಿದು, ಮೈ ಸುರುಳಿ ಸುತ್ತಿ ಮಲಗಿಬಿಡುತ್ತವೆ. ಸುರುಳಿ ಸುತ್ತಿದರೆ ಗಾಳಿಗೆ ತೆರೆದ ಚರ್ಮ ಕಡಿಮೆ, ಹಾಗಾಗಿ ಆರುವ ನೀರೂ ಕಡಿಮೆ. ಇದು ಗ್ರೀಷ್ಮನಿದ್ರೆ. ಕೆಲವು ಜಾತಿಗಳು ಮೈಯೊಳಗಿನ ನೀರಿನಲ್ಲಿ ನೂರಕ್ಕೆ ಎಪ್ಪತ್ತರಷ್ಟು ಕಳೆದುಕೊಂಡೂ, ಮತ್ತೆ ತೇವ ಸಿಕ್ಕಿದಾಗ ಚೇತರಿಸಿಕೊಳ್ಳುತ್ತವೆ.

ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿದವರಿಗೆ ಫೆರೆಟಿಮ ಎಂಬ ಎರೆಹುಳದ ಹೆಸರು ನೆನಪಿರಬೇಕು. ಪ್ರಯೋಗಾಲಯದಲ್ಲಿ ಅದನ್ನು ಕೊಯ್ದು ಪಿನ್ನು ಚುಚ್ಚಿದ್ದೂ ನೆನಪಿರಬೇಕು. ಅದರ ಮೂತ್ರನಾಳಗಳಲ್ಲಿ ಬಹಳಷ್ಟು ಹೊರಕ್ಕೆ ತೆರೆಯದೆ ಕರುಳಿಗೇ ತೆರೆಯುತ್ತವೆ. ಮೂತ್ರದಲ್ಲಿನ ನೀರನ್ನು ಕರುಳು ಮತ್ತೆ ಹೀರಿಕೊಳ್ಳುತ್ತದೆ. ಪರೀಕ್ಷೆಗೆ ಇದನ್ನು ಉರುಹೊಡೆದಾಗ ನನಗೆ ತಲೆನೋವಾಗಿತ್ತು. ನೀರಿಗೆ ದಂಡ ಬಿದ್ದ ವರ್ಷ ಅರ್ಥವಾಯಿತು.

ಮಲಗಿದ ಹುಳು ಬದುಕುತ್ತದೆ ನಿಜ, ಆದರೆ ಕೆಲಸ ಮಾಡುವುದಿಲ್ಲ. ಅದರ ಕೆಲಸವೆಷ್ಟೆಂದು ಅಳೆಯಲು ಹೊರಟವರಲ್ಲಿ ಚಾರ್ಲ್ಸ್ ಡಾರ್ವಿನ್ ಮೊದಲಿಗರು. 1842ರಲ್ಲಿ ತಮ್ಮ ಮನೆಯ ಪಕ್ಕದ ಹುಲ್ಲುಗಾವಲಿನ ಮೇಲೆ ಸೀಮೆಸುಣ್ಣದ ಚೂರು ಹರಡಿಸಿ, 29 ವರ್ಷ ಕಾದು, 1871ರಲ್ಲಿ ಅಗೆಸಿ ನೋಡಿದರು. ಚೂರುಗಳು ಏಳಂಗುಲ ಕೆಳಗಿದ್ದವು. ಅಷ್ಟು ಮಣ್ಣನ್ನು ಹುಳುಗಳು ಕೆಳಗಿನಿಂದ ತಿಂದು ತಂದು ಮೇಲೆ ಹಿಕ್ಕೆಯಾಗಿ ಹಾಕಿದ್ದವು. ಈ ಕೆಲಸ ನಡೆದಲ್ಲೆಲ್ಲ ಬಿಲಗಳು ಉಳಿಯುತ್ತವೆ, ಬಿದ್ದ ನೀರು ಹರಿದುಹೋಗದೆ ಬೇರಿನತ್ತ ಇಳಿಯುತ್ತದೆ. ಬಿಲವಿಲ್ಲದ ಬರಿ ಕೆಂಪುಮಣ್ಣು ಬಿಸಿಲಿಗೆ ಗಟ್ಟಿಯಾಗಿ, ಬಿಂದಿಗೆ ನೀರು ಸುರಿದರೂ ಅರ್ಧ ಪಾಲು ಚರಂಡಿಗೆ ಹೋಗುತ್ತದೆ.

ಇಷ್ಟು ಓದಿಕೊಂಡ ಮೇಲೆ ನಾನೊಂದು ಪೆದ್ದು ಕೆಲಸ ಮಾಡಿದೆ. ಅರ್ಧ ಕೆ.ಜಿ. ಎರೆಹುಳು ಕೊಂಡು ತಂದು ಹಿತ್ತಲಿಗೆ ಸುರಿದೆ. ಮಾರಿದವರು ‘ಹಾಕಿ, ಆಮೇಲೆ ನೋಡಿ’ ಎಂದಿದ್ದರು. ನೋಡಿದೆ: ಮಧ್ಯಾಹ್ನದೊಳಗೆ ಒಂದಷ್ಟು ಇರುವೆಗೆ, ಉಳಿದದ್ದು ಗೊರವಂಕಕ್ಕೆ. ಗೊಬ್ಬರ ಮಾಡಲು ಮಾರುವುದು ಬಹುಪಾಲು ಆಫ್ರಿಕಾ ಮೂಲದ ಯೂಡ್ರಿಲಸ್ ಅಥವಾ ಯುರೋಪಿನ ಐಸೀನಿಯ. ಎರಡೂ ಕೊಳೆಯುವ ಕಸದಲ್ಲಿ, ನೆರಳಿನ ತೊಟ್ಟಿಯಲ್ಲಿ ಬದುಕುವಂಥವು. ಬೇಸಿಗೆಯ ಬರಿನೆಲದಲ್ಲಿ ಆಳಕ್ಕೆ ಕೊರೆದು ಮಲಗುವ ಜಾಯಮಾನ ಅವಕ್ಕಿಲ್ಲ. ನಮ್ಮ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಎರೆಹುಳದ ಬೆನ್ನುಬಿದ್ದ ಡಾ. ರಾಧಾ ಕಾಳೆ ತಮ್ಮ ಪುಸ್ತಕದ ಹೆಸರಿನಲ್ಲೇ ಅದನ್ನು ಸಾವಯವ ಕೃಷಿಯ ಸಿಂಡ್ರೆಲಾ ಎಂದು ಕರೆದರು. ಎಲ್ಲ ಸಿಂಡ್ರೆಲಾಗಳಿಗೂ ಒಂದೇ ಚಪ್ಪಲಿ ಹಿಡಿಸುವುದಿಲ್ಲ, ಅಷ್ಟೆ. ತೊಟ್ಟಿಯ ಹುಳು ತೊಟ್ಟಿಯಲ್ಲಿರಲಿ, ಅದರ ಗೊಬ್ಬರ ಮಾತ್ರ ಗಿಡಕ್ಕೆ ಬರಲಿ. ನೆಲದ ಹುಳು ನೆಲದಲ್ಲಿ ಈಗಾಗಲೇ ಇದೆ. ಅದು ಮಲಗದ ಹಾಗೆ ನೋಡಿಕೊಂಡರೆ ಸಾಕು.

ಅದಕ್ಕೆ ಬೇಕಾದದ್ದು ಹೊದಿಕೆ. ನಮ್ಮ ಹಳೇ ಬಡಾವಣೆಗಳಲ್ಲಿ ಅದಕ್ಕೆ ಕೊರತೆಯಿಲ್ಲ: ಮಾವು, ಹಲಸು, ಸಂಪಿಗೆ, ಯುಗಾದಿಯ ಹೊತ್ತಿಗೆ ಚಿಗುರುವ ಹೊಂಗೆ, ಎಲ್ಲವೂ ಎಲೆ ಉದುರಿಸುತ್ತವೆ. ನಾವು ಅದನ್ನು ಬೆಳಗಾದರೆ ಗುಡಿಸಿ ಚೀಲಕ್ಕೆ ತುಂಬಿ ಹೊರಗಿಡುತ್ತೇವೆ, ಇಲ್ಲವೆ ಮೂಲೆಯಲ್ಲಿ ಬೆಂಕಿ ಹಾಕುತ್ತೇವೆ. ಹುಳುವಿಗೆ ಅದೇ ಊಟ, ಅದೇ ಕೊಡೆ. ಗಿಡದ ಬುಡದಲ್ಲಿ, ಕಾಂಡಕ್ಕೆ ತಾಗದಂತೆ, ನಾಲ್ಕು ಬೆರಳು ದಪ್ಪ ತರಗೆಲೆ ಹರಡಿ. ಮಧ್ಯಾಹ್ನ ಎರಡು ಗಂಟೆಗೆ ಅದರಡಿಗೆ ಒಮ್ಮೆ, ಪಕ್ಕದ ಬರಿನೆಲದ ಮೇಲೆ ಒಮ್ಮೆ ಕೈಯಿಟ್ಟು ನೋಡಿ. ನಮ್ಮನೆಯಲ್ಲಿ ಕಾರ್ತಿಕದ ಕಡಲೆಕಾಯಿ ಪರಿಷೆಯಿಂದ ತಂದು ತಿಂದ ಕಾಯಿಯ ಸಿಪ್ಪೆಯನ್ನು ಚೀಲದಲ್ಲಿ ಕಟ್ಟಿಟ್ಟು ಮಾರ್ಚಿನಲ್ಲಿ ಗುಲಾಬಿ ಬುಡಕ್ಕೆ ಹಾಕುತ್ತೇವೆ. ತೆಂಗಿನ ನಾರೂ ಆಗುತ್ತದೆ.

ನೀರಿನ ವಿಷಯದಲ್ಲಿ ದಿನಾ ಪೈಪು ಹಿಡಿದು ಚಿಮುಕಿಸುವುದು ಕೆಟ್ಟ ಅಭ್ಯಾಸ. ಮೇಲಿನ ಅಂಗುಲ ಮಾತ್ರ ನೆನೆದು ಮಧ್ಯಾಹ್ನಕ್ಕೆ ಆರಿಹೋಗುತ್ತದೆ. ಬೇರು ಮೇಲೇ ಉಳಿಯುತ್ತದೆ, ಹುಳು ಕೆಳಗೇ ಉಳಿಯುತ್ತದೆ. ನೆಲಕ್ಕೆ ನೆಟ್ಟ ಗಿಡಕ್ಕೆ ವಾರಕ್ಕೆರಡು ಸಲ, ಸಂಜೆ, ಗೇಣಾಳ ನೆನೆಯುವಷ್ಟು ಕೊಡಿ. ಅಕ್ಕಿ-ಬೇಳೆ-ತರಕಾರಿ ತೊಳೆದ ನೀರು ಧಾರಾಳವಾಗಿ ಹೋಗಲಿ. ಆರ್‌ಒ ಯಂತ್ರ ಹೊರಹಾಕುವ ನೀರನ್ನು ಮಾತ್ರ ದಿನಾ ಒಂದೇ ಜಾಗಕ್ಕೆ ಸುರಿಯಬೇಡಿ. ಅದರ ಉಪ್ಪು ಮಣ್ಣಿನಲ್ಲಿ ಕೂಡುತ್ತಾ ಹೋಗುತ್ತದೆ, ಒದ್ದೆ ಚರ್ಮದ ಪ್ರಾಣಿಗೆ ಉಪ್ಪು ಆಗದು.

ಹುಲ್ಲುಹಾಸಿನ ಬಗ್ಗೆ ನನ್ನ ತೀರ್ಮಾನ ಸ್ವಲ್ಪ ಖಡಕ್ಕು. ದಿನಾ ನೀರು ಕೇಳುವ ಹಾಸು ಈ ಊರಿಗೆ ಇನ್ನು ಬೇಡ. ನಮ್ಮ ಬಸವನಗುಡಿಯ ದೊಡ್ಡ ಗಣಪತಿಗೆ ಏರಿಸುವ ಗರಿಕೆಯೇ ಸಾಕು. ಬಿಸಿಲಿಗೆ ಅದರ ಮೇಲ್ಭಾಗ ಕಂದಿದರೂ ನೆಲದೊಳಗಿನ ಗೆಣ್ಣು ಜೀವ ಹಿಡಿದಿರುತ್ತದೆ, ಮಳೆ ಬಿದ್ದರೆ ವಾರದಲ್ಲಿ ಹಸಿರು. ಬೇಸಿಗೆಯಲ್ಲಿ ಬುಡಮಟ್ಟ ಕತ್ತರಿಸದೆ ಎರಡಂಗುಲ ಬಿಡಿ, ಕತ್ತರಿಸಿದ್ದನ್ನು ಅಲ್ಲೇ ಉದುರಿಸಿ.

ಆ ವರ್ಷ ಮಳೆ ಬಂದದ್ದು ಮೇ ಮೊದಲ ವಾರ, ಭರಣಿ ಮಳೆಯ ದಿನಗಳಲ್ಲಿ. ಮಾರನೆಯ ಬೆಳಗ್ಗೆ ತಾತ ನನ್ನನ್ನು ಕರೆದು ತೋರಿಸಿದರು. ಎಲೆ ಹೊದಿಸಿದ್ದ ಕರಿಬೇವಿನ ಬುಡದಲ್ಲಿ ಸಾಸಿವೆ ಗುಡ್ಡೆಗಳಂತೆ ಹಿಕ್ಕೆ ಎದ್ದಿದ್ದವು. ಒಂದು ಮೊರದಗಲ ಜಾಗದಲ್ಲಿ ಎಣಿಸಿದರೆ ಹದಿಮೂರು. ಅಚ್ಚುಕಟ್ಟಾಗಿ ಗುಡಿಸಿದ್ದ ಅಂಗಳದಂಚಿನ ಪಾತಿಯಲ್ಲಿ ಒಂದೂ ಇರಲಿಲ್ಲ. ಈ ಸಲ ನಿಮ್ಮ ಮನೆಯಲ್ಲಿ ಗುಡಿಸುವವರಿಗೆ ಮೊದಲೇ ಹೇಳಿಡಿ: ಗಿಡದ ಬುಡ ಬಿಟ್ಟು ಗುಡಿಸಲಿ.