ಜೀಪು ವಾಲಿದ್ದು ಮೀಟರಿಗೆ ಗೊತ್ತು, ತಲೆ ಎಷ್ಟೆಂದು ಯಾರಿಗೆ ಗೊತ್ತು?

ಕೊಡಚಾದ್ರಿಗೆ ಜೀಪಿನಲ್ಲಿ ಹೋಗಿ ಬಂದವರನ್ನು ಗುರುತು ಹಿಡಿಯುವುದು ಕಷ್ಟವಲ್ಲ. ತಲೆಯಿಂದ ಕಾಲಿನವರೆಗೆ ಕೆಂಪು ಧೂಳು, ಒಂದು ಕೈ ಸೊಂಟದ ಮೇಲೆ, ಬಾಯಲ್ಲಿ ಮೂಕಾಂಬಿಕೆಯ ಹೆಸರು! "ದೇವಿ ದರ್ಶನಕ್ಕಿಂತ ದಾರಿ ದರ್ಶನವೇ ಜಾಸ್ತಿಯಾಯ್ತು ಮಾರಾಯ್ರೇ" ಎಂದು ನಗೆಯಾಡುವವರೂ ಉಂಟು. ಕಟ್ಟಿನಹೊಳೆ ದಾಟಿ ಮಣ್ಣಿನ ದಾರಿ ಹಿಡಿದ ಮೇಲೆ ಆ ನಗೆ ಎಷ್ಟು ಹೊತ್ತು ಉಳಿಯುತ್ತದೆ ಎಂಬುದು ಬೇರೆ ಮಾತು.

ಈ ದಾರಿಗೆ ಈಗ ಹೊಸದೊಂದು ಸಾಮಾನು ಬಂದಿದೆ. ಪೇಟೆ ಕಡೆಯಿಂದ ಬರುವ ಫೋರ್ ವೀಲ್ ಗಾಡಿಗಳ ಡ್ಯಾಶ್‌ಬೋರ್ಡನ್ನು ಒಮ್ಮೆ ಇಣುಕಿ ನೋಡಿ. ಅಂಗೈಯಗಲದ ಪರದೆ. ಅದರಲ್ಲಿ ಪುಟ್ಟ ಜೀಪಿನ ಚಿತ್ರ. ಗಾಡಿ ಎಡಕ್ಕೆ ವಾಲಿದರೆ ಚಿತ್ರವೂ ಎಡಕ್ಕೆ ವಾಲುತ್ತದೆ, ಏರು ಹತ್ತಿದರೆ ಮೂಗೆತ್ತುತ್ತದೆ. ಪಕ್ಕದಲ್ಲೇ ಎಷ್ಟು ಡಿಗ್ರಿ ಎಂದು ಅಂಕಿ. ಇದಲ್ಲದೆ ವೇಗ, ಸಮುದ್ರಮಟ್ಟದಿಂದ ಎತ್ತರ, ದಿಕ್ಕು, ಬ್ಯಾಟರಿಯ ವೋಲ್ಟು ಎಲ್ಲ ಅದೇ ಪರದೆಯಲ್ಲಿ. 2020ರಲ್ಲಿ ಬಂದ ಹೊಸ ಥಾರ್ ಗಾಡಿಯ ಪರದೆಯಲ್ಲಿ ಕಂಪನಿಯವರೇ ಇದನ್ನು ಕೊಟ್ಟರು. ಹಳೇ ಗಾಡಿಯವರು ಬೇರೆಯಾಗಿ ಕೊಂಡು ಅಂಟಿಸಿಕೊಳ್ಳುತ್ತಾರೆ.

ಒಳ್ಳೆಯದೇ ಆಯಿತು. ಆದರೆ ಸಾಗರ, ಹೊಸನಗರ, ತೀರ್ಥಹಳ್ಳಿಯ ದಾರಿಗಳನ್ನು ಬಲ್ಲವರು ಒಂದು ಮಾತು ಕೇಳಲೇಬೇಕು. ಈ ಮೀಟರು ಏನನ್ನು ನೋಡುತ್ತದೆ, ಏನನ್ನು ನೋಡುವುದಿಲ್ಲ? ಅಂಕಿಯನ್ನು ನಂಬಿ ಹತ್ತು ಜನರನ್ನು ಕೂರಿಸಿಕೊಂಡು ಹೋಗುವವರಿಗೆ ಇದು ತಮಾಷೆಯ ಪ್ರಶ್ನೆಯಲ್ಲ.

ಹಳೇ ಜೀಪಿನ ವಾಲುಮೀಟರು

ಮಹೀಂದ್ರದವರು ನಮ್ಮ ದೇಶದಲ್ಲಿ ವಿಲ್ಲಿಸ್ ಜೀಪು ಜೋಡಿಸಲು ಶುರುಮಾಡಿದ್ದು 1947ರಲ್ಲಿ. ಆ ಕಾಲದಿಂದ ಬಂದ ಜೀಪುಗಳ ಮುಂದೆ ಇದ್ದದ್ದು ನಾಲ್ಕೈದು ಮುಳ್ಳಿನ ಮೀಟರುಗಳು: ವೇಗ, ಎಣ್ಣೆ, ಶಾಖ, ಆಯಿಲ್ ಒತ್ತಡ, ಬ್ಯಾಟರಿ. ವಾಲುವುದನ್ನು ತೋರಿಸುವ ಮೀಟರು ಎಲ್ಲಿತ್ತು?

ಇತ್ತು ಸ್ವಾಮಿ! ಡೀಸೆಲ್ ಮೀಟರೇ ಆ ಕೆಲಸ ಮಾಡುತ್ತಿತ್ತು. ಟ್ಯಾಂಕಿನೊಳಗಿನ ತೇಲುಗುಂಡು ಏರಿನಲ್ಲೊಂದು, ಇಳಿಜಾರಿನಲ್ಲೊಂದು ಲೆಕ್ಕ ಹೇಳುತ್ತದೆ. ಅರ್ಧ ಟ್ಯಾಂಕು ಇದ್ದದ್ದು ಘಾಟಿಯ ತಿರುವಿನಲ್ಲಿ ಮುಕ್ಕಾಲಾಗುತ್ತದೆ, ಇನ್ನೊಂದು ತಿರುವಿನಲ್ಲಿ ಕಾಲಾಗುತ್ತದೆ. ಪಳಗಿದ ಚಾಲಕ ಆ ಮುಳ್ಳಿನ ಕುಣಿತವನ್ನು ನೋಡಿಯೂ ನೋಡದಂತೆ ಇರುತ್ತಾನೆ. ಗಾಡಿ ಎಷ್ಟು ವಾಲಿದೆ ಎಂದು ಅವನಿಗೆ ಹೇಳುವುದು ಕೂತ ಸೀಟು. "ಬೀಳೋ ಮೊದಲು ಸೀಟೇ ಹೇಳ್ತದೆ" ಎಂಬುದು ಅಂಥವರ ಮಾತಿನ ಧಾಟಿ.

ಹೊಸ ಮೀಟರಿನೊಳಗೆ ಇರುವುದೂ ಮಹಾ ಮಾಯೆಯೇನಲ್ಲ. ಗಾರೆ ಕೆಲಸದವರ ರಸಮಟ್ಟ, ತೂಗುಗುಂಡು ನೋಡಿದ್ದೀರಲ್ಲ? ಅದೇ ಜಾತಿ. ಉಗುರಿಗಿಂತ ಸಣ್ಣ ಚಿಪ್ಪಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ತೂಕವೊಂದನ್ನು ಸಿಲಿಕಾನಿನ ಎಳೆಗಳಲ್ಲಿ ತೂಗುಹಾಕಿರುತ್ತಾರೆ. ಗಾಡಿ ವಾಲಿದರೆ ಭೂಮಿ ಆ ತೂಕವನ್ನು ಒಂದು ಪಕ್ಕಕ್ಕೆ ಎಳೆಯುತ್ತದೆ. ಎಷ್ಟು ಸರಿಯಿತೆಂಬುದನ್ನು ವಿದ್ಯುತ್ತಿನಿಂದ ಅಳೆದು ಡಿಗ್ರಿ ಮಾಡುತ್ತಾರೆ. ನಿಮ್ಮ ಜೇಬಿನ ಮೊಬೈಲಿನಲ್ಲೂ ಇದೇ ಚಿಪ್ಪು ಉಂಟು. ಫೋನನ್ನು ಅಡ್ಡ ಹಿಡಿದರೆ ಚಿತ್ರವೂ ಅಡ್ಡವಾಗುವುದು ಇದರ ದೆಸೆಯಿಂದಲೇ.

ಇದಕ್ಕೊಂದು ಕೊರತೆಯಿದೆ. ಗಾಡಿಯ ಮುಂದೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿರುತ್ತಾರಲ್ಲ, ಬ್ರೇಕು ಒತ್ತಿದಾಗ ನೋಡಿ. ದಾರಿ ಮಟ್ಟಸವಾಗಿದ್ದರೂ ಅದು ಮುಂದಕ್ಕೆ ಜೀಕುತ್ತದೆ. ಮೀಟರಿನೊಳಗಿನ ತೂಕದ್ದೂ ಅದೇ ಪಾಡು. ಜೋರಾಗಿ ತಿರುಗಿಸಿದರೆ, ಗುಂಡಿಗೆ ಬಿದ್ದು ಎಗರಿದರೆ ಇಲ್ಲದ ವಾಲು ಕಾಣಿಸುತ್ತದೆ, ಇದ್ದ ವಾಲು ಮುಚ್ಚಿಹೋಗುತ್ತದೆ. ಒಳ್ಳೆಯ ಮೀಟರುಗಳು ಗೈರೋ ಎಂಬ ಇನ್ನೊಂದು ಚಿಪ್ಪನ್ನು ಜೊತೆಗಿಟ್ಟು ಇದನ್ನು ತಕ್ಕಮಟ್ಟಿಗೆ ಸರಿಪಡಿಸುತ್ತವೆ. ಅಗ್ಗದ ಮೀಟರುಗಳನ್ನು ನಿಂತ ಗಾಡಿಯಲ್ಲಿ, ಇಲ್ಲವೇ ಆಮೆ ನಡಿಗೆಯಲ್ಲಿ ಮಾತ್ರ ನಂಬಬೇಕು. ಕೂರಿಸುವಾಗ ಗಾಡಿಯನ್ನು ಸಮ ನೆಲದ ಮೇಲೆ ನಿಲ್ಲಿಸಿ ಸೊನ್ನೆ ಹೊಂದಿಸಬೇಕು. ನಮ್ಮ ಕಡೆ ಮನೆಯಂಗಳವೇ ಇಳಿಜಾರು. ಅಲ್ಲೇ ಸೊನ್ನೆ ಮಾಡಿಕೊಂಡರೆ ಐದು ಡಿಗ್ರಿ ಸುಳ್ಳನ್ನು ಮನೆಯಿಂದಲೇ ಹೊತ್ತುಕೊಂಡು ಹೊರಟ ಹಾಗಾಯಿತು!

ಎಷ್ಟಕ್ಕೆ ಮಗುಚುತ್ತದೆ?

ಎಲ್ಲರೂ ಕೇಳುವುದು ಇದನ್ನೇ. ಸಣ್ಣ ಲೆಕ್ಕ ಹಾಕೋಣ.

ಒಂದು ಜೀಪಿನ ಎಡ ಬಲ ಚಕ್ರಗಳ ನಡುವೆ 140 ಸೆಂ.ಮೀ. ಅಂತರ ಎಂದಿಟ್ಟುಕೊಳ್ಳಿ. ಖಾಲಿ ಜೀಪಿನ ತೂಕದ ಕೇಂದ್ರ ನೆಲದಿಂದ 70 ಸೆಂ.ಮೀ. ಮೇಲಿದೆ ಎನ್ನೋಣ. ಆಗ ಪಕ್ಕಕ್ಕೆ 45 ಡಿಗ್ರಿ ವಾಲಿದಾಗ ಅದು ಮಗುಚುವ ಗಡಿಗೆ ಬರುತ್ತದೆ. ಇದು ಕಾಗದದ ಮೇಲಿನ ಲೆಕ್ಕ.

ಈಗ ಜನ ಹತ್ತಿದರು. 1600 ಕಿಲೋ ಜೀಪಿಗೆ 60 ಕಿಲೋದ ಎಂಟು ಜನ, ಮೇಲ್ಗಡೆ ಕ್ಯಾರಿಯರಿನಲ್ಲಿ ಒಂದೂವರೆ ಕ್ವಿಂಟಾಲ್ ಚೀಲ, ಬ್ಯಾಗು. ಕೂತವರ ತೂಕ ನೆಲದಿಂದ 120 ಸೆಂ.ಮೀ. ಎತ್ತರದಲ್ಲಿ, ಲಗೇಜು 190 ಸೆಂ.ಮೀ. ಎತ್ತರದಲ್ಲಿ ಎಂದರೆ ಇಡೀ ಗಾಡಿಯ ತೂಕದ ಕೇಂದ್ರ 70ರಿಂದ ಸುಮಾರು 89 ಸೆಂ.ಮೀ.ಗೆ ಏರಿತು. ಮಗುಚುವ ಗಡಿ 45ರಿಂದ ಸುಮಾರು 38 ಡಿಗ್ರಿಗೆ ಇಳಿಯಿತು. ಏಳು ಡಿಗ್ರಿ ಎಲ್ಲಿ ಹೋಯಿತು? ಕ್ಯಾರಿಯರು, ಸೀಟು ತಿಂದವು!

ಇಷ್ಟಕ್ಕೇ ಮುಗಿಯಲಿಲ್ಲ. ವಾಲಿದ ಕಡೆಯ ಪಟ್ಟಾ ಕುಗ್ಗುತ್ತದೆ, ಟಯರು ಅದುಮಿಕೊಳ್ಳುತ್ತದೆ, ಕೂತವರು ಹೆದರಿ ಒಟ್ಟಿಗೆ ಒಂದೇ ಕಡೆ ಜಾರುತ್ತಾರೆ. ಮೇಲಿನ ಚಕ್ರ ಕಲ್ಲು ಹತ್ತಿ, ಅದೇ ಗಳಿಗೆಗೆ ಕೆಳಗಿನ ಚಕ್ರ ಕೊರಕಲಿಗೆ ಇಳಿದರೆ 20 ಡಿಗ್ರಿ ಇದ್ದದ್ದು ಕಣ್ಣು ಮಿಟುಕಿಸುವುದರೊಳಗೆ 30 ಆಗಬಹುದು. ಕಾಗದದ 38ನ್ನು ದಾರಿಯಲ್ಲಿ ಯಾರೂ ಕಾಯುತ್ತಾ ಕೂರುವಂತಿಲ್ಲ. ಅದರ ಅರ್ಧಕ್ಕೇ ಎಚ್ಚರಿಕೆಯ ಗಂಟೆ ಇಟ್ಟುಕೊಳ್ಳುವುದು ಬುದ್ಧಿವಂತರ ಲಕ್ಷಣ.

ಬುಡಕ್ಕೆ ಬರೋಣ. ಆ ಪರದೆಯಲ್ಲಿ "22 ಡಿಗ್ರಿ" ಎಂಬ ಅಂಕಿ ಖಾಲಿ ಜೀಪಿಗೂ ಒಂದೇ, ತುಂಬಿದ ಜೀಪಿಗೂ ಒಂದೇ. ಹಿಂದೆ ಎಂಟು ಜನರಿದ್ದಾರೋ ಹದಿನಾಲ್ಕು ಜನರಿದ್ದಾರೋ ಅದಕ್ಕೆ ಗೊತ್ತಿಲ್ಲ. ಮಳೆಗೆ ನೆನೆದ ಅಂಚು ಚಕ್ರವನ್ನು ತಡೆಯುತ್ತದೋ ಧರೆಯೊಂದಿಗೆ ಕುಸಿಯುತ್ತದೋ ಅದೂ ಗೊತ್ತಿಲ್ಲ. ಅದು ಗಾಡಿಯನ್ನು ನೋಡುತ್ತದೆ, ದಾರಿಯನ್ನು ನೋಡುವುದಿಲ್ಲ.

ತೋಟದ ಟ್ರ್ಯಾಕ್ಟರಿಗೂ ಇದೇ ಮಾತು. ಸೊಪ್ಪಿನಬೆಟ್ಟದಿಂದ ಸೊಪ್ಪು, ದರಗು ಒಟ್ಟಿಕೊಂಡು ಓರೆ ದಾರಿಯಲ್ಲಿ ಇಳಿಯುವ ಟ್ರೈಲರಿನ ಹೇರು ತೂಕಕ್ಕೆ ಹಗುರ, ಎತ್ತರಕ್ಕೆ ಆನೆ. ಶೋಕಿಗೆ ಬೆಟ್ಟ ಹತ್ತುವ ಗಾಡಿಗಿಂತ ವಾಲುಮೀಟರಿನ ಅಗತ್ಯ ಅದಕ್ಕೇ ಹೆಚ್ಚು ಎಂದರೆ ತಪ್ಪಾಗಲಾರದು.

ಶಾಖದ ಮುಳ್ಳು ಏಕೆ ಮುಖ್ಯ

ಹಾಗಾದರೆ ಈ ಡಿಜಿಟಲ್ ಮೀಟರು ದಂಡವೇ? ಖಂಡಿತ ಅಲ್ಲ. ಆದರೆ ದುಡ್ಡು ಮೊದಲು ಎಲ್ಲಿ ಹಾಕಬೇಕು ಎಂಬುದರಲ್ಲಿ ವಿವೇಕ ಬೇಕು.

ಬೆಟ್ಟ ಹತ್ತುವ ಗಾಡಿ ಲೋ ಗೇರಿನಲ್ಲಿ ತೆವಳುತ್ತದೆ. ಎಂಜಿನ್ನು ಮೈಮುರಿದು ದುಡಿಯುತ್ತಿರುತ್ತದೆ, ಎದುರುಗಾಳಿ ಮಾತ್ರ ಇಲ್ಲ. ರೇಡಿಯೇಟರಿಗೆ ಫ್ಯಾನೇ ಗತಿ. ಇದರ ಮೇಲೆ ಎತ್ತರ ಬೇರೆ. ಸಮುದ್ರಮಟ್ಟದಲ್ಲಿ 100 ಡಿಗ್ರಿಗೆ ಕುದಿಯುವ ನೀರು 1343 ಮೀಟರ್ ಎತ್ತರದ ಕೊಡಚಾದ್ರಿಯ ನೆತ್ತಿಯಲ್ಲಿ ಸುಮಾರು 95-96 ಡಿಗ್ರಿಗೇ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳ ಬಿಗಿಯಾಗಿ ಒತ್ತಡ ಹಿಡಿದಿದ್ದರೆ ಚಿಂತೆಯಿಲ್ಲ. ಮುಚ್ಚಳದ ರಬ್ಬರು ಸವೆದಿದ್ದರೆ ನಡುದಾರಿಯಲ್ಲಿ ಬುಸ್ ಎಂದು ಹಬೆ!

ಆದ್ದರಿಂದ ಶಾಖ ಮಿತಿ ಮೀರಿದರೆ ಕೂಗಿ ಹೇಳುವ ಮೀಟರು ಮೊದಲು. ಅದರಲ್ಲೂ ಒಂದು ಮೋಸ ಉಂಟು, ತಿಳಿದಿರಲಿ. ಪೈಪು ಒಡೆದು ನೀರೆಲ್ಲ ಸೋರಿಹೋದರೆ ಶಾಖ ಅಳೆಯುವ ಸೆನ್ಸರು ನೀರಿಲ್ಲದೆ ಬರಿದಾಗಿ ನಿಲ್ಲುತ್ತದೆ. ಎಂಜಿನ್ನು ಸುಡುತ್ತಿದ್ದರೂ ಅಂಕಿ ಏರದೆ ಇಳಿಯಬಹುದು. ಕಡಿದಾದ ಏರಿನಲ್ಲಿ ಅಂಕಿ ಇದ್ದಕ್ಕಿದ್ದಂತೆ ತಣ್ಣಗಾದರೆ ಖುಷಿಪಡಬೇಡಿ, ಗಾಡಿ ನಿಲ್ಲಿಸಿ.

ಎರಡನೆಯದು ಆಯಿಲ್ ಒತ್ತಡ. ಗಾಡಿ ಬಹಳ ವಾಲಿದಾಗ ಎಂಜಿನ್ನಿನ ತಳದ ಆಯಿಲು ಒಂದು ಮೂಲೆಗೆ ಸರಿದು ಪಂಪು ಗಾಳಿ ಹೀರುತ್ತದೆ. ಒತ್ತಡದ ದೀಪ ಮಿನುಗುತ್ತದೆ. ಮೇಕ್ಯಾನಿಕ್ಕುಗಳಿಗೆ ಇದು ಹಳೇ ಕಥೆ, ಹೊಸದಾಗಿ ಗಾಡಿ ಕೊಂಡವರಿಗೆ ಹೊಸ ಪಾಠ.

2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ಕಾರು, ಜೀಪುಗಳಲ್ಲಿ ಸ್ಟೇರಿಂಗಿನ ಕೆಳಗೆ 16 ಪಿನ್ನಿನ ಕಿಂಡಿಯೊಂದಿದೆ. ಅದಕ್ಕೂ ಮುಂಚಿನ ಹಲವು ಗಾಡಿಗಳಲ್ಲೂ ಇದೆ. ಪರದೆಯ ವಯರನ್ನು ಅದಕ್ಕೆ ಸಿಕ್ಕಿಸಿದರೆ ಎಂಜಿನ್ನಿನ ಶಾಖ, ಸುತ್ತು, ದೋಷದ ಸಂಕೇತ ಎಲ್ಲ ತಾನಾಗಿ ಬರುತ್ತದೆ. ಹಳೇ ಜೀಪಿಗೆ ಆ ಕಿಂಡಿ ಇಲ್ಲ. ಒಂದೊಂದಕ್ಕೂ ಬೇರೆ ಸೆನ್ಸರು ಕೂರಿಸಬೇಕು. ನಮ್ಮ ಬೆಟ್ಟ ಹತ್ತುವ ಬಡ ಜೀಪುಗಳಲ್ಲಿ ಬಹಳಷ್ಟು ಇದೇ ಹಳೇ ಕುಲದವು.

ಇಳಿಯುವಾಗ ಬ್ರೇಕಿನ ಬಿಸಿಯನ್ನು ಇಂಥ ಸಾಮಾನ್ಯ ಮೀಟರು ತೋರಿಸುವುದಿಲ್ಲ. ಆಗುಂಬೆಯ 14 ತಿರುವುಗಳಾಗಲಿ, ಹುಲಿಕಲ್ ಘಾಟಿಯಾಗಲಿ, ಕುಂದಾದ್ರಿಯ ಇಳಿಜಾರಾಗಲಿ, ಹತ್ತಿದ ಗೇರಿನಲ್ಲೇ ಇಳಿಯಬೇಕು ಎಂಬ ಹಿರಿಯರ ಮಾತಿಗೆ ಸಾಟಿಯಾದ ಮೀಟರು ಇನ್ನೂ ನಮ್ಮ ಕಣ್ಣಿಗೆ ಬಿದ್ದಿಲ್ಲ.

ಕಾನೂನಿನ ಕೂಗು ಎಂಬತ್ತಕ್ಕೆ

ಸರಕಾರವೂ ಗಾಡಿಗೆ ಕಣ್ಣು ಕಿವಿ ಇಡಲು ಹೊರಟಿದೆ. 2019ರ ಜನವರಿ 1ರಿಂದ ಹೊಸದಾಗಿ ನೋಂದಣಿಯಾಗುವ ಸಾರ್ವಜನಿಕ ಸೇವೆಯ ನಾಲ್ಕು ಚಕ್ರದ ವಾಹನಗಳಲ್ಲಿ ಅವು ಎಲ್ಲಿವೆಯೆಂದು ತಿಳಿಸುವ ಯಂತ್ರ, ತುರ್ತು ಗುಂಡಿ ಇರಬೇಕೆಂದಾಯಿತು. ಅದೇ ವರ್ಷದ ಜುಲೈ 1ರಿಂದ ಹೊಸ ಕಾರುಗಳು 80 ಕಿ.ಮೀ. ವೇಗ ದಾಟಿದರೆ ಬಿಟ್ಟು ಬಿಟ್ಟು, 120 ದಾಟಿದರೆ ಎಡೆಬಿಡದೆ ಕೂಗಬೇಕೆಂದಾಯಿತು.

ಹೆದ್ದಾರಿಗೆ ಇದು ಸರಿ. ನಮ್ಮ ಬೆಟ್ಟದ ದಾರಿಯಲ್ಲಿ ಗಾಡಿ ಮಗುಚುವುದು 80ರಲ್ಲಲ್ಲ ಸ್ವಾಮಿ, 8ರಲ್ಲಿ! ಅಲ್ಲಿ ಕೂಗುವವರು ಯಾರು?

ಒಂದು ಕಾನೂನು ಮಾತ್ರ ನೇರವಾಗಿ ನಮ್ಮ ಬೆಟ್ಟಕ್ಕೂ ಅನ್ವಯಿಸುತ್ತದೆ. 2019ರ ತಿದ್ದುಪಡಿಯ ಪ್ರಕಾರ ಪರವಾನಗಿಗಿಂತ ಹೆಚ್ಚು ಜನರನ್ನು ತುಂಬಿದರೆ ತಲೆಗೆ 200 ರೂಪಾಯಿ ದಂಡ. ಹೆಚ್ಚಿನ ಜನ ಇಳಿದು ಅವರಿಗೆ ಬೇರೆ ವ್ಯವಸ್ಥೆ ಆಗುವ ತನಕ ಗಾಡಿ ಮುಂದೆ ಹೋಗುವಂತಿಲ್ಲ. ಈ ಎರಡನೆಯ ಭಾಗವನ್ನು ನಮ್ಮಲ್ಲಿ ಎಷ್ಟು ಜನ ಕೇಳಿದ್ದಾರೆ?

ಚಾಲಕರನ್ನು ಮಾತ್ರ ದೂರಿ ಕೈತೊಳೆದುಕೊಳ್ಳುವುದೂ ನ್ಯಾಯವಲ್ಲ. ಸೀಸನ್ನು ನಾಲ್ಕಾರು ತಿಂಗಳು. ಟಯರು, ಪಟ್ಟಾ, ಕ್ಲಚ್ಚು ಎಲ್ಲವನ್ನೂ ಈ ದಾರಿ ತಿನ್ನುತ್ತದೆ. ಇತ್ತ ಪ್ರವಾಸಿಗರು ತಲೆಗೆ ಬಾಡಿಗೆ ಕಡಿಮೆ ಬೀಳಲೆಂದು "ಇನ್ನಿಬ್ಬರು ಹಿಡೀತಾರೆ, ಹತ್ತಿಸಿಕೊಳ್ಳಿ ಅಣ್ಣಾ" ಎಂದು ತಾವೇ ಒತ್ತಾಯಿಸುತ್ತಾರೆ. ಬೇಡ ಎಂದ ಚಾಲಕ ಕೆಟ್ಟವನಾಗುತ್ತಾನೆ.

ಸ್ವಂತ ಗಾಡಿಯಲ್ಲಿ ಬರುವ ಶೋಕಿಯವರದ್ದು ಇನ್ನೊಂದು ಕಥೆ. ಮೀಟರು ಎಚ್ಚರಿಕೆ ಕೊಡಲೆಂದು ಹುಟ್ಟಿದ್ದು. ಇವರ ಕೈಯಲ್ಲಿ ಅದು ಪಂದ್ಯದ ಅಂಕಪಟ್ಟಿಯಾಗಿದೆ. "ನಂದು 28 ಬಂತು, ನಿಂದೆಷ್ಟು?" ಎಂದು ಪರದೆಯ ಫೋಟೋ ಹಿಡಿಯುವ ಭರದಲ್ಲಿ ಚಕ್ರ ಎಲ್ಲಿದೆ ಎಂದು ನೋಡುವವರಿಲ್ಲ. ದಾರಿ ಬಿಟ್ಟು ಹುಲ್ಲುಗಾವಲಿಗೆ ನುಗ್ಗಿಸಿದರೆ ಆ ಗಾಲಿಯ ಗೆರೆ ಮುಂದಿನ ಮಳೆಗೆ ಕೊರಕಲು. ಆ ಕೊರಕಲಿಗೆ ನಾಳೆ ಬೀಳುವುದು ಇನ್ನೊಬ್ಬರ ಚಕ್ರ.

ಏನಾಗಬೇಕು?

ಕೋಟಿ ರೂಪಾಯಿಯ ಯೋಜನೆ ಬೇಡ. ಬೆಟ್ಟದ ದಾರಿ ಶುರುವಾಗುವಲ್ಲಿ ಒಂದು ಫಲಕ: ಒಂದು ಜೀಪಿಗೆ ಇಷ್ಟೇ ಜನ, ಮೇಲೆ ಲಗೇಜು ಇಲ್ಲ. ಅಲ್ಲೇ ನಿಂತು ತಲೆ ಎಣಿಸುವ ಒಬ್ಬ ಮನುಷ್ಯ. ಜನ ಕಡಿಮೆಯಾದರೂ ಚಾಲಕನಿಗೆ ಗಿಟ್ಟುವಂತೆ ಇಡೀ ಜೀಪಿಗೆ ಒಂದು ನ್ಯಾಯವಾದ ದರ. ಮಳೆ ಬಿಟ್ಟು ಸೀಸನ್ನು ಶುರುವಾಗುವ ಮುಂಚೆ ಬಾಡಿಗೆ ಜೀಪುಗಳ ಬ್ರೇಕು, ಟಯರು, ರೇಡಿಯೇಟರಿನ ತಪಾಸಣೆ. ಶಾಖ ಮತ್ತು ಆಯಿಲಿನ ಎಚ್ಚರಿಕೆ ಗಂಟೆ ಕೂರಿಸಿಕೊಳ್ಳಲು ಹಳೇ ಜೀಪಿನವರಿಗೆ ಸಣ್ಣ ಸಾಲ ಸಿಕ್ಕರೆ ಇನ್ನೂ ಒಳ್ಳೆಯದು. ವಾಲುಮೀಟರು ಆಮೇಲೆ ಬರಲಿ. ಅದು ಚಾಲಕನಿಗಿಂತ ಹೆಚ್ಚಾಗಿ ಹಿಂದೆ ಕೂತವರಿಗೆ ಕಾಣುವಂತಿರಲಿ. ಅಂಕಿ ನೋಡಿದರೆ "ಇನ್ನಿಬ್ಬರು" ಎಂಬ ಮಾತು ತಾನಾಗಿ ನಿಂತೀತು!

ಜಿಲ್ಲಾಡಳಿತ, ಸಾರಿಗೆ ಇಲಾಖೆ, ಅರಣ್ಯ ಇಲಾಖೆ ಮೂವರೂ ಒಂದೇ ಮೇಜಿನ ಸುತ್ತ ಕೂತರೆ ಒಂದು ಮಧ್ಯಾಹ್ನದಲ್ಲಿ ಮುಗಿಯುವ ಕೆಲಸವಿದು. ಕೂರುವರೇ?

ಅಲ್ಲಿಯ ತನಕ ಓದುಗರು ಮಾಡಬಹುದಾದದ್ದು ಒಂದುಂಟು. ಮುಂದಿನ ಸಲ ಜೀಪು ಹತ್ತುವಾಗ ಪರದೆಯ ಅಂಕಿಗೆ ಮೊದಲು ತಲೆಗಳನ್ನು ಎಣಿಸಿ. ಜಾಸ್ತಿ ಕಂಡರೆ ಇಳಿದುಬಿಡಿ. ಇನ್ನೊಂದು ಜೀಪು ಬಂದೇ ಬರುತ್ತದೆ.