ಸೂಜಿಗೆ ಮೊದಲು ಚಿತ್ರ: ಅಪ್ಪಂದಿರ ಪ್ರಾಸ್ಟೇಟ್ ಪರೀಕ್ಷೆಯ ಬಗ್ಗೆ

ಊರಿನಿಂದ ಬರುವ ಅಪ್ಪಂದಿರು ಮಂಡಿನೋವಿನ ಬಗ್ಗೆ ಹೇಳುತ್ತಾರೆ, ಸಕ್ಕರೆ ಕಾಯಿಲೆಯ ಬಗ್ಗೆ ಹೇಳುತ್ತಾರೆ, ಕಣ್ಣಿನ ಪೊರೆಯ ಬಗ್ಗೆಯೂ ಹೇಳುತ್ತಾರೆ. ರಾತ್ರಿ ನಾಲ್ಕೈದು ಸಲ ಎದ್ದು ಬಚ್ಚಲಿಗೆ ಹೋಗುವುದನ್ನು ಮಾತ್ರ ಹೇಳುವುದಿಲ್ಲ. ಮಗಳಿಗಂತೂ ಹೇಳುವುದೇ ಇಲ್ಲ. ಐಟಿ ಕೆಲಸಕ್ಕೆಂದು ಬಂದು ಕೂಕಟ್‌ಪಲ್ಲಿಯಲ್ಲಿ ನೆಲೆಸಿದ ನಮ್ಮಂಥ ಅನೇಕ ಕನ್ನಡದ ಮನೆಗಳಲ್ಲಿ ಈಗ ತಂದೆಯವರಿಗೆ ಅರವತ್ತೈದು, ಎಪ್ಪತ್ತು ದಾಟುತ್ತಿದೆ. ಅದಕ್ಕೇ ಈ ಸಲ ಪ್ರಾಸ್ಟೇಟ್ ಗ್ರಂಥಿಯ ಬಗ್ಗೆ, ಅದರಲ್ಲೂ ಅಲ್ಲಿ ಕ್ಯಾನ್ಸರ್ ಇದೆಯೇ ಎಂದು ತಿಳಿಯಲು ಸ್ಕ್ಯಾನಿಂಗ್ ಹೇಗೆ ನೆರವಾಗುತ್ತದೆ ಎಂಬುದರ ಬಗ್ಗೆ ಬರೆಯುತ್ತಿದ್ದೇನೆ. ನಾನು ವೈದ್ಯೆಯಲ್ಲ, ಸಾಫ್ಟ್‌ವೇರ್ ಕೆಲಸದವಳು. ನಮ್ಮ ಮನೆಗೇ ಈ ಪ್ರಶ್ನೆ ಬಂದಾಗ ಓದಿ, ಕೇಳಿ ತಿಳಿದುಕೊಂಡದ್ದು ಇದು.

ಪಿಎಸ್‌ಎ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಪ್ರಾಸ್ಟೇಟ್ ಗಂಡಸರಲ್ಲಿ ಮೂತ್ರಕೋಶದ ಕೆಳಗೆ ಇರುವ, ಅಕ್ರೋಟಿನಷ್ಟು ದಪ್ಪದ ಗ್ರಂಥಿ. ಮೂತ್ರನಾಳ ಇದರ ನಡುವೆಯೇ ಹಾದುಹೋಗುತ್ತದೆ. ವಯಸ್ಸಾದಂತೆ ಗ್ರಂಥಿ ಊದಿಕೊಂಡು ನಾಳವನ್ನು ಒತ್ತುತ್ತದೆ. ರಾತ್ರಿ ಏಳುವುದು, ಧಾರೆ ಸಣ್ಣದಾಗುವುದು ಬಹುಪಾಲು ಇದರಿಂದಲೇ. ಇದು ಕ್ಯಾನ್ಸರ್ ಅಲ್ಲ. ಆದರೆ ಕ್ಯಾನ್ಸರ್ ಶುರುವಿನಲ್ಲಿ ಯಾವ ತೊಂದರೆಯನ್ನೂ ಕೊಡದೆ ಸುಮ್ಮನೆ ಇರಬಹುದು.

ಈ ಗ್ರಂಥಿ ಮಾಡುವ ಪಿಎಸ್‌ಎ ಎಂಬ ಪ್ರೋಟೀನು ರಕ್ತದಲ್ಲಿ ಎಷ್ಟಿದೆ ಎಂದು ನೋಡುವುದು ಮೊದಲ ಹೆಜ್ಜೆ. ಅಮೆರಿಕದ ಎಫ್‌ಡಿಎ ಇದನ್ನು 1986ರಲ್ಲಿ ಚಿಕಿತ್ಸೆಯ ಮೇಲೆ ನಿಗಾ ಇಡಲು, 1994ರಲ್ಲಿ ರೋಗ ಪತ್ತೆಗೆ ನೆರವಾಗಲು ಒಪ್ಪಿತು. ಒಂದು ಮಿಲಿಲೀಟರ್ ರಕ್ತದಲ್ಲಿ 4 ನ್ಯಾನೊಗ್ರಾಂ ದಾಟಿದರೆ ಲ್ಯಾಬಿನವರು ದಪ್ಪಕ್ಷರದಲ್ಲಿ ಅಚ್ಚು ಹಾಕಿ ಕೊಡುತ್ತಾರೆ. ಆದರೆ ಗ್ರಂಥಿ ದೊಡ್ಡದಾದರೂ ಪಿಎಸ್‌ಎ ಏರುತ್ತದೆ, ಸೋಂಕಾದರೂ ಏರುತ್ತದೆ. ಸಂಖ್ಯೆ ಹೆಚ್ಚಿದೆ ಎಂದರೆ 'ಇನ್ನೂ ವಿಚಾರಿಸಿ' ಎಂದಷ್ಟೇ ಅರ್ಥ.

ಮೊದಲು ಆ ವಿಚಾರಣೆ ಎಂದರೆ ನೇರವಾಗಿ ಬಯಾಪ್ಸಿ. ಗುದದ್ವಾರದಿಂದ ಅಲ್ಟ್ರಾಸೌಂಡ್ ಕೊಳವೆ ಹಾಕಿ, ಗ್ರಂಥಿಯ ಬೇರೆಬೇರೆ ಕಡೆ ಸೂಜಿ ಚುಚ್ಚಿ ಹತ್ತು ಹನ್ನೆರಡು ತುಣುಕು ತೆಗೆಯುವುದು. ಅಲ್ಟ್ರಾಸೌಂಡಿನಲ್ಲಿ ಗ್ರಂಥಿ ಕಾಣುತ್ತದೆ, ಒಳಗಿನ ಗಂಟು ಅನೇಕ ಸಲ ಕಾಣುವುದಿಲ್ಲ. ಹಾಗಾಗಿ ಗಂಟು ಸೂಜಿಗಳ ನಡುವೆ ತಪ್ಪಿಸಿಕೊಳ್ಳಬಹುದು. ಜೀವಮಾನದಲ್ಲಿ ಯಾವ ತೊಂದರೆಯನ್ನೂ ಕೊಡದ ಸಣ್ಣ ಕ್ಯಾನ್ಸರ್ ಸಿಕ್ಕಿ, ಬೇಡದ ಆಪರೇಷನ್ನಿಗೂ ದಾರಿಯಾಗಬಹುದು.

ಎಂಆರ್‌ಐ ತಂದ ಬದಲಾವಣೆ

ಇಲ್ಲಿ ಎಂಆರ್‌ಐ ಬಂತು. ಇದರಲ್ಲಿ ಎಕ್ಸ್‌ರೇ ಇಲ್ಲ. ಬಲವಾದ ಅಯಸ್ಕಾಂತ ಮತ್ತು ರೇಡಿಯೊ ಅಲೆಗಳಿಂದ ಮೈಯೊಳಗಿನ ನೀರಿನ ಕಣಗಳನ್ನು ಮಾತಾಡಿಸುವ ಯಂತ್ರ. ಪ್ರಾಸ್ಟೇಟಿಗೆ ಮೂರು ಬಗೆಯ ಚಿತ್ರ ತೆಗೆಯುತ್ತಾರೆ. ಮೊದಲನೆಯದು ಗ್ರಂಥಿಯ ರಚನೆ. ಎರಡನೆಯದು ನೀರಿನ ಕಣಗಳ ಓಡಾಟ. ಭಾನುವಾರ ಬೆಳಗ್ಗೆ ಕೂಕಟ್‌ಪಲ್ಲಿಯ ವೈ ಜಂಕ್ಷನ್ನಿನಲ್ಲಿ ಗಾಡಿ ಸಲೀಸಾಗಿ ಹೋಗುತ್ತದೆ. ಸೋಮವಾರ ಸಂಜೆ ನಿಂತಲ್ಲೇ ನಿಲ್ಲುತ್ತದೆ. ಹಾಗೆಯೇ ಕ್ಯಾನ್ಸರ್ ಇರುವಲ್ಲಿ ಜೀವಕೋಶಗಳು ಒತ್ತೊತ್ತಾಗಿರುವುದರಿಂದ ನೀರಿನ ಕಣಗಳು ಅಲ್ಲಾಡಲಾರವು, ಆ ಜಾಗ ಚಿತ್ರದಲ್ಲಿ ಬೇರೆಯಾಗಿ ಕಾಣುತ್ತದೆ. ಮೂರನೆಯದು ಗ್ಯಾಡೋಲಿನಿಯಂ ಎಂಬ ಔಷಧಿ ಚುಚ್ಚಿ ರಕ್ತ ಎಲ್ಲಿ ಬೇಗ ನುಗ್ಗುತ್ತದೆ ಎಂದು ನೋಡುವುದು.

2017ರಲ್ಲಿ 'ದಿ ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಬ್ರಿಟನ್ನಿನ ಪ್ರಾಮಿಸ್ ಅಧ್ಯಯನ ಇದರ ಬಲವನ್ನು ತೋರಿಸಿತು. 576 ಗಂಡಸರಿಗೆ ಎಂಆರ್‌ಐಯನ್ನೂ ಮಾಡಿ, ಮಾಮೂಲಿ ಬಯಾಪ್ಸಿಯನ್ನೂ ಮಾಡಿ, ಇವೆರಡನ್ನೂ ಒರೆಗೆ ಹಚ್ಚಲು 5 ಮಿಲಿಮೀಟರಿಗೊಂದರಂತೆ ಇಡೀ ಗ್ರಂಥಿಯ ತುಣುಕು ತೆಗೆದರು. ಚಿಕಿತ್ಸೆ ಬೇಕಾಗುವಂಥ ಕ್ಯಾನ್ಸರುಗಳಲ್ಲಿ ಎಂಆರ್‌ಐ ಶೇ. 93ರಷ್ಟನ್ನು ಗುರುತಿಸಿತು, ಮಾಮೂಲಿ ಬಯಾಪ್ಸಿ ಶೇ. 48ರಷ್ಟನ್ನು. ಆದರೆ ಎಂಆರ್‌ಐ ಕ್ಯಾನ್ಸರ್ ಅಲ್ಲದ್ದನ್ನೂ ಅನೇಕ ಸಲ ಅನುಮಾನಿಸಿತು. ಆದ್ದರಿಂದ ಚಿತ್ರ ಕೊನೆಯ ತೀರ್ಪಲ್ಲ. ಸೂಜಿ ಬೇಕೇ, ಬೇಕಾದರೆ ಎಲ್ಲಿಗೆ ಎಂದು ಹೇಳುವ ದಾರಿತೋರುಕ. 2018ರ ಪ್ರಿಸಿಷನ್ ಅಧ್ಯಯನದಲ್ಲಿ 500 ಜನರಿದ್ದರು. ಮೊದಲು ಎಂಆರ್‌ಐ ಮಾಡಿಸಿಕೊಂಡವರಲ್ಲಿ ಶೇ. 28 ಮಂದಿಗೆ ಬಯಾಪ್ಸಿಯೇ ಬೇಕಾಗಲಿಲ್ಲ. ಮುಖ್ಯವಾದ ಕ್ಯಾನ್ಸರ್ ಸಿಕ್ಕಿದ್ದು ಎಂಆರ್‌ಐ ಗುಂಪಿನಲ್ಲಿ ಶೇ. 38, ನೇರ ಬಯಾಪ್ಸಿ ಗುಂಪಿನಲ್ಲಿ ಶೇ. 26.

ರೇಡಿಯಾಲಜಿಸ್ಟ್ ಚಿತ್ರ ನೋಡಿ ಪೈ-ರ‍್ಯಾಡ್ಸ್ ಎಂಬ ಅಂಕ ಕೊಡುತ್ತಾರೆ. 1 ಮತ್ತು 2 ಎಂದರೆ ಅನುಮಾನ ಕಡಿಮೆ, 4 ಮತ್ತು 5 ಎಂದರೆ ಹೆಚ್ಚು. 3 ನಡುವಿನದು.

ಅಪ್ಪನಿಗೆ ಬಂದ ಮೂರು

ನಮ್ಮಪ್ಪ ಗದಗಿನ ಕಡೆಯವರು, ನಿವೃತ್ತ ಶಾಲಾ ಮಾಸ್ತರು, ವಯಸ್ಸು ಎಪ್ಪತ್ತು. ಹೋದ ವರ್ಷ ದೀಪಾವಳಿಗೆ ನಮ್ಮಲ್ಲಿಗೆ ಬಂದಾಗ ರಾತ್ರಿ ಅವರು ಏಳುವುದನ್ನು ಗಮನಿಸಿದ್ದು ನನ್ನ ಗಂಡ. ಕೇಳಿದರೆ, "ವಯಸ್ಸಾದ ಮ್ಯಾಲೆ ಇದೆಲ್ಲಾ ಇದ್ದದ್ದೇ ಬಿಡ್ರಿ, ಅಕಿಗೆ ಹೇಳಬ್ಯಾಡ್ರಿ" ಅಂದರಂತೆ. ಅಳಿಯನಿಗೆ ಹೇಳಿದ್ದು ಮಗಳಿಗೆ ತಲುಪಿತು, ನಾವು ಯೂರಾಲಜಿಸ್ಟ್ ಹತ್ತಿರ ಹೋದೆವು. ಪಿಎಸ್‌ಎ 7.2. ಸೋಂಕಿಲ್ಲವೆಂದು ಖಚಿತ ಮಾಡಿಕೊಂಡು ಕೆಲವು ವಾರ ಬಿಟ್ಟು ಮತ್ತೆ ನೋಡಿದಾಗ 7.4. ಆಮೇಲೆ ಎಂಆರ್‌ಐ. ವರದಿ: ಗ್ರಂಥಿಯ ಗಾತ್ರ 82 ಮಿಲಿಲೀಟರ್, ಪೈ-ರ‍್ಯಾಡ್ಸ್ 3.

ಅಪ್ಪನಿಗೆ ಸಿಟ್ಟು ಬಂತು. "ಇದ್ರ ಅದ ಅನ್ರಿ, ಇಲ್ಲಾಂದ್ರ ಇಲ್ಲ ಅನ್ರಿ. ಮೂರು ಅಂದ್ರೇನು?"

ಡಾಕ್ಟರು ಇನ್ನೊಂದು ಲೆಕ್ಕ ತೋರಿಸಿದರು. ಪಿಎಸ್‌ಎಯನ್ನು ಗ್ರಂಥಿಯ ಗಾತ್ರದಿಂದ ಭಾಗಿಸಬೇಕು. ದೊಡ್ಡ ಗ್ರಂಥಿ ಸಹಜವಾಗಿಯೇ ಹೆಚ್ಚು ಪಿಎಸ್‌ಎ ಕೊಡುತ್ತದಲ್ಲ. ಭಾಗಲಬ್ಧ 0.15ಕ್ಕಿಂತ ಹೆಚ್ಚಾದರೆ ಅನುಮಾನ ಬಲವಾಗುತ್ತದೆ. ಅಪ್ಪನದು 0.09. ಗಣಿತ ಕಲಿಸಿದ ಮಾಸ್ತರು ತಾವೇ ಲೆಕ್ಕ ಮಾಡಿ ನೋಡಿದರು. ಈಗಲೇ ಬಯಾಪ್ಸಿ ಮಾಡಬಹುದು, ಇಲ್ಲವೇ ಆರು ತಿಂಗಳು ಕಾದು ಮತ್ತೆ ಪಿಎಸ್‌ಎ ನೋಡಬಹುದು. ಎರಡೂ ಸರಿಯಾದ ದಾರಿಗಳೇ ಅಂದರು ಡಾಕ್ಟರು.

ಊರಲ್ಲಿರುವ ಅಣ್ಣ ಫೋನಿನಲ್ಲಿ ಈಗಲೇ ಮಾಡಿಸಿ ಮುಗಿಸು ಅಂದ. ಅಮ್ಮ ಅತ್ತಳು. ನನಗೂ ಎರಡು ರಾತ್ರಿ ನಿದ್ದೆ ಇಲ್ಲ. ಕೊನೆಗೆ ತೀರ್ಮಾನ ಮಾಡಿದ್ದು ಅಪ್ಪ. "ಕಾಯೋಣ. ಆದ್ರ ತಾರೀಖು ಬರದು ಇಡು, ಮರೀಬ್ಯಾಡ" ಅಂದರು. ಕ್ಯಾಲೆಂಡರಿನಲ್ಲಿ ತಾವೇ ಗುರುತು ಹಾಕಿದರು. ಆರು ತಿಂಗಳಿಗೆ ಪಿಎಸ್‌ಎ 7.1 ಬಂತು. ವರ್ಷ ತುಂಬಿದಾಗ ಮತ್ತೊಂದು ಎಂಆರ್‌ಐ ಇದೆ. ಮೂತ್ರ ಸಲೀಸಾಗುವ ಮಾತ್ರೆಯಿಂದ ರಾತ್ರಿ ಏಳುವುದು ಒಂದೆರಡು ಸಲಕ್ಕೆ ಇಳಿದಿದೆ. ಕಾಯುವುದೂ ಒಂದು ಚಿಕಿತ್ಸಾ ಕ್ರಮವೇ, ಆದರೆ ಲೆಕ್ಕ ಇಟ್ಟು ಕಾಯಬೇಕು ಎಂಬುದು ನಮಗೆ ಅರ್ಥವಾದದ್ದು ಹೀಗೆ.

ಎಲ್ಲ ಮನೆಗಳಲ್ಲೂ ಹೀಗೇ ಆಗುವುದಿಲ್ಲ. ನಮ್ಮ ಪರಿಚಯದ ಕನ್ನಡದ ಹಿರಿಯರೊಬ್ಬರು ತಿಂಗಳುಗಟ್ಟಲೆ ಸೊಂಟನೋವಿಗೆ ಮುಲಾಮು ಹಚ್ಚಿಕೊಂಡೇ ಇದ್ದರು. ಪ್ರಾಸ್ಟೇಟ್ ಕ್ಯಾನ್ಸರ್ ಹರಡಿದರೆ ಹೆಚ್ಚಾಗಿ ಹೋಗುವುದು ಮೂಳೆಗೆ, ಅದರಲ್ಲೂ ಬೆನ್ನುಮೂಳೆಗೆ. ಅವರಿಗೆ ತಿಳಿಯುವ ಹೊತ್ತಿಗೆ ಅದು ಅಲ್ಲಿಗೆ ಹೋಗಿತ್ತು. ಈಗ ಹಾರ್ಮೋನ್ ಚಿಕಿತ್ಸೆಯಲ್ಲಿದ್ದಾರೆ, ಸಂಜೆ ವಾಕಿಂಗಿಗೆ ಸಿಗುತ್ತಾರೆ.

ಹರಡಿದೆಯೇ ಎಂದು ನೋಡುವ ಚಿತ್ರ

ಬಯಾಪ್ಸಿಯಲ್ಲಿ ಅಪಾಯದ ಕ್ಯಾನ್ಸರ್ ಖಚಿತವಾದವರಿಗೆ ಅದು ಹರಡಿದೆಯೇ ಎಂದು ನೋಡಲು ಪಿಎಸ್‌ಎಂಎ ಪೆಟ್-ಸಿಟಿ ಇದೆ. ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳ ಮೈಮೇಲೆ ಹೆಚ್ಚಾಗಿರುವ ಒಂದು ಪ್ರೋಟೀನಿಗೆ ಅಂಟಿಕೊಳ್ಳುವ ಔಷಧಿಗೆ ಗ್ಯಾಲಿಯಂ-68 ಸೇರಿಸಿ ಚುಚ್ಚುತ್ತಾರೆ. ಅದು 68 ನಿಮಿಷಕ್ಕೆ ಅರ್ಧವಾಗುವ ವಿಕಿರಣವಸ್ತು. ಕ್ಯಾನ್ಸರ್ ಎಲ್ಲಿದೆಯೋ ಅಲ್ಲಿ ಚಿತ್ರ ಬೆಳಗುತ್ತದೆ. ಆಸ್ಟ್ರೇಲಿಯಾದಲ್ಲಿ 302 ಜನರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇದರ ನಿಖರತೆ ಶೇ. 92 ಇತ್ತು, ಹಳೆಯ ಸಿಟಿ ಮತ್ತು ಬೋನ್ ಸ್ಕ್ಯಾನಿನದು ಶೇ. 65.

ಸಿಟಿ ಎಂದಾಗ ನಾವು ಹೆಮ್ಮೆಪಡುವ ಮಾತೊಂದಿದೆ. ಸುತ್ತಲಿಂದ ತೆಗೆದ ಎಕ್ಸ್‌ರೇಗಳಿಂದ ಒಳಗಿನ ಚಿತ್ರ ಕಟ್ಟುವ ಸುಲಭದ ಗಣಿತವನ್ನು 1971ರಲ್ಲಿ ಪ್ರಕಟಿಸಿದವರು ಜಿ.ಎನ್. ರಾಮಚಂದ್ರನ್ ಮತ್ತು ಎ.ವಿ. ಲಕ್ಷ್ಮೀನಾರಾಯಣನ್. ರಾಮಚಂದ್ರನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲಸ ಮಾಡಿದವರು. ಮ್ಯಾಟ್‌ಲ್ಯಾಬ್ ಬಳಸಿದವರಿಗೆ 'ರಾಮ್-ಲಾಕ್' ಫಿಲ್ಟರ್ ಗೊತ್ತಿರಬಹುದು; ಅದು ಇವರಿಬ್ಬರ ಹೆಸರು.

ಈಗ ಚಿತ್ರ ಓದಲು ಕೃತಕ ಬುದ್ಧಿಮತ್ತೆಯೂ ಬಂದಿದೆ. 2024ರಲ್ಲಿ ಪ್ರಕಟವಾದ ಪೈ-ಕೈ ಅಧ್ಯಯನದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಎಂಆರ್‌ಐಗಳನ್ನು ಬಳಸಿ, 400 ಪ್ರಕರಣಗಳಲ್ಲಿ 62 ರೇಡಿಯಾಲಜಿಸ್ಟರ ಜೊತೆ ಯಂತ್ರವನ್ನು ಹೋಲಿಸಿದರು; ಯಂತ್ರ ಮುಂದಿತ್ತು. ಆದರೆ ರೋಗಿಯ ಹಿಂದಿನ ವಿವರಗಳನ್ನೆಲ್ಲ ಕೈಯಲ್ಲಿ ಹಿಡಿದು ಆಸ್ಪತ್ರೆಯಲ್ಲಿ ದಿನನಿತ್ಯ ಬರೆದ ವರದಿಗಳನ್ನು ಅದು ಮೀರಿಸಲಿಲ್ಲ. ಕೋಡ್ ಬರೆಯುವವಳಾಗಿ ನನಗೆ ಈ ಎರಡನೆಯ ಸಾಲೇ ಮುಖ್ಯವೆನಿಸಿತು. ಅನುಭವಿ ರೇಡಿಯಾಲಜಿಸ್ಟ್ ಇರುವ ಕಡೆ ಹೋಗಿ ಎಂಬ ಸಲಹೆ ಇನ್ನೂ ಹಳತಾಗಿಲ್ಲ.

ಮಾಡಿಸುವ ಮುನ್ನ

- ಬಯಾಪ್ಸಿಗೆ ಮೊದಲೇ ಎಂಆರ್‌ಐ ಆಗಲಿ. ಆಮೇಲಾದರೆ ಸೂಜಿಯಿಂದಾದ ರಕ್ತಸ್ರಾವ ಚಿತ್ರವನ್ನು ಕದಡುತ್ತದೆ.
- ಪೇಸ್‌ಮೇಕರ್, ಮೈಯಲ್ಲಿ ಲೋಹ, ಕಿಡ್ನಿ ತೊಂದರೆ ಇದ್ದರೆ ಮೊದಲೇ ಹೇಳಿ.
- ಫಿನಾಸ್ಟರೈಡ್, ಡ್ಯುಟಾಸ್ಟರೈಡ್ ಮಾತ್ರೆಗಳು ಪಿಎಸ್‌ಎಯನ್ನು ಅರ್ಧದಷ್ಟು ಇಳಿಸುತ್ತವೆ. ಅಪ್ಪ ಊರಲ್ಲಿ ಇವನ್ನು ನುಂಗುತ್ತಿದ್ದರೆ ಡಾಕ್ಟರಿಗೆ ತಿಳಿಸಿ.
- ವರದಿಯ ಜೊತೆ ಚಿತ್ರಗಳ ಸಿಡಿಯನ್ನೂ ಕೇಳಿ ಪಡೆಯಿರಿ. ಇನ್ನೊಬ್ಬರ ಅಭಿಪ್ರಾಯ ಕೇಳಲು ಬರೀ ಕಾಗದ ಸಾಲದು.
- ಕಂಪನಿ ವಿಮೆಯಲ್ಲಿ ತಂದೆತಾಯಿ ಇದ್ದರೂ, ದಾಖಲಾಗದೆ ಮಾಡಿಸಿದ ಸ್ಕ್ಯಾನಿಂಗ್ ಖರ್ಚು ಹಲವು ಪಾಲಿಸಿಗಳಲ್ಲಿ ಸಿಗುವುದಿಲ್ಲ. ಎಚ್‌ಆರ್ ಹತ್ತಿರ ಮೊದಲೇ ವಿಚಾರಿಸಿ.
- ಸರ್ಕಾರಿ ವ್ಯವಸ್ಥೆ ಬೇಕಾದವರಿಗೆ ಇಲ್ಲಿ ಪಂಜಗುಟ್ಟದ ನಿಮ್ಸ್, ರೆಡ್ ಹಿಲ್ಸ್‌ನ ಎಂಎನ್‌ಜೆ ಕ್ಯಾನ್ಸರ್ ಆಸ್ಪತ್ರೆ ಇವೆ. ಕೂಕಟ್‌ಪಲ್ಲಿಯಿಂದ ಮಿಯಾಪುರ–ಎಲ್‌ಬಿ ನಗರ ಮೆಟ್ರೊ ಅತ್ತ ಕಡೆಗೇ ಹೋಗುತ್ತದೆ. ಊರಿನ ಕಡೆಯವರಿಗೆ ಬೆಂಗಳೂರಿನ ಕಿದ್ವಾಯಿ ಇದೆ.
- ಅಪ್ಪನಿಗೆ ತೆಲುಗು ಬಾರದಿದ್ದರೆ ರಾತ್ರಿ ಎಷ್ಟು ಸಲ ಏಳುತ್ತಾರೆ, ಉರಿ ಇದೆಯೇ, ರಕ್ತ ಹೋಗುತ್ತಿದೆಯೇ ಎಂಬುದನ್ನು ಅವರ ಕೈಯಲ್ಲೇ ಕನ್ನಡದಲ್ಲಿ ಬರೆಸಿ ಒಯ್ಯಿರಿ. ಬಾಯಲ್ಲಿ ಹೇಳಲು ನಾಚುವವರು ಬರೆದು ಕೊಡುತ್ತಾರೆ.

ತಂದೆಗೋ ಅಣ್ಣತಮ್ಮನಿಗೋ ಈ ಕಾಯಿಲೆ ಬಂದಿದ್ದರೆ ಅಪಾಯ ಸುಮಾರು ಎರಡರಷ್ಟಾಗುತ್ತದೆ. ಅಂಥ ಮನೆಯ ಗಂಡುಮಕ್ಕಳು ನಲವತ್ತೈದರ ಹೊತ್ತಿಗೇ ಡಾಕ್ಟರ ಜೊತೆ ಪಿಎಸ್‌ಎ ವಿಷಯ ಮಾತಾಡಬೇಕು, ಉಳಿದವರು ಐವತ್ತಕ್ಕೆ. ಮುಂದಿನ ಭಾನುವಾರ ಊರಿಗೆ ಫೋನ್ ಮಾಡಿದಾಗ ಊಟ ಆಯ್ತಾ, ಮಳೆ ಬಂತಾ ಎಂದು ಕೇಳಿದ ಮೇಲೆ ಇದನ್ನೂ ಒಂದು ಮಾತು ಕೇಳಿ. ನೀವು ಕೇಳಿದರೆ ಹೇಳದಿದ್ದರೆ, ಅಳಿಯನ ಕೈಗೆ ಫೋನ್ ಕೊಡಿ.